ಗುಂಡಿಗೆಗೂ ಒಂದು ಜೇಬು

ಭಾನುವಾರ ಬೆಳಿಗ್ಗೆ

ಅಕ್ಕನಿಗೆ ನಮಸ್ಕಾರ.

ನಿನ್ನ ಒಡಹುಟ್ಟಿದವನು ತಾನು ಅಪರಾಧಿ ಎಂದು ಈ ಮೂಲಕ ಗಂಭೀರವಾಗಿ ಒಪ್ಪಿಕೊಳ್ಳುತ್ತಿದ್ದಾನೆ. ಎರಡು ಹೊತ್ತೂ ಫೋನು ಮಾಡಿ "ನುಂಗಿದ್ಯೇನೋ ಪುಟ್ಟಾ?" ಎಂದು ಕೇಳುತ್ತಿದ್ದೆಯಲ್ಲ, ಕಳೆದ ವಾರವಿಡೀ ನಾನು ನುಂಗಿದ್ದು ಮಾತು ಮಾತ್ರ, ಮಾತ್ರೆಯನ್ನಲ್ಲ. ಗುಂಡಿಗೆಗೆಂದು ಕೊಟ್ಟ ಮಾತ್ರೆಗಳು ಅಂಗಡಿಯ ಗುಂಡಿ ಡಬ್ಬಿ ಸೇರಿದವು.

ಬೈಯುವ ಮೊದಲು ಕೇಳು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವ ದರ್ಜಿಯ ಪಾಡು ನಿನಗೇನು ಗೊತ್ತು? ಸೂಜಿ ಒಮ್ಮೆ ಚುಚ್ಚಿದರೆ ಬೆರಳು ಅಳು ನಿಲ್ಲಿಸುವುದೇ ಇಲ್ಲ. ಗಿರಾಕಿಯೊಬ್ಬನ ಬಿಳಿ ಕೋಟಿನ ಕಾಲರಿಗೆ ನನ್ನ ರಕ್ತದ ಬೊಟ್ಟು ಬಿತ್ತು. ಅವನು ಬೇರೆ ಬಟ್ಟೆ ತಂದುಕೊಟ್ಟು, ಇದರ ಮೇಲೂ ರುಜು ಹಾಕಬೇಡಿ ಎಂದು ಹೋದ. ಆ ಕೋಟು ಮುಗಿಯುವವರೆಗೆ ಮಾತ್ರೆಗೆ ರಜೆ ಕೊಟ್ಟೆ. ಇಷ್ಟೇ ನನ್ನ ತಪ್ಪು.

ಸಿಕ್ಕಿಬಿದ್ದದ್ದು ಆಸ್ಪತ್ರೆಯಲ್ಲಿ. ಈ ತಾಳ ತಪ್ಪಿದ ಎದೆಗೆ, ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ತಂಟೆ ಮಾಡುವ ಜಾಗವನ್ನು ಒಳಗೇ ಸುಡುತ್ತಾರಂತೆ. ಸುಕ್ಕಿಗೆ ಇಸ್ತ್ರಿ ಎಂದುಕೊಂಡಿದ್ದೆ. ಮೊದಲು ಗಂಟಲೊಳಗೆ ಸ್ಕ್ಯಾನಿನ ಕೊಳವೆ ಇಳಿಸಿ ನೋಡಿದರು. ಆಮೇಲೆ ವೈದ್ಯೆ ಚಿತ್ರ ತೋರಿಸಿದರು. ಹೃದಯದ ಮೇಲಿನ ಎಡಕೋಣೆಗೆ ಒಂದು ಪುಟ್ಟ ಜೇಬಿದೆಯಂತೆ. ಊರಿಗೆಲ್ಲ ಜೇಬು ಹೊಲಿದವನಿಗೆ ತನ್ನದೇ ಜೇಬಿನ ಸುದ್ದಿಯಿಲ್ಲ! ಬಡಿತ ಎಡವಿದಾಗ ರಕ್ತ ಅಲ್ಲಿ ನಿಂತು ಹೆಪ್ಪುಗಟ್ಟುತ್ತದೆ, ಹಳೇ ಪ್ಯಾಂಟಿನ ಜೇಬಿನಲ್ಲಿ ನೂಲು ಉಂಡೆಗಟ್ಟುವ ಹಾಗೆ.

"ನೀವು ಬಿಟ್ಟ ಮಾತ್ರೆಗಳು ಇಲ್ಲಿ ಬಂದು ಕೂತಿವೆ, ನೋಡಿ," ಎಂದರು. "ನಾನು ಕೊಳವೆ ಆಡಿಸುವಾಗ ಈ ಹೆಪ್ಪು ಕಿತ್ತುಕೊಂಡು ಮೆದುಳಿಗೆ ಹೋದರೆ ಲಕ್ವ. ಹೊಲಿಯೋ ಕೈಯೇ ಹೋಗಬಹುದು."

ಮಾತ್ರೆ ಬಿಡದವರಲ್ಲಿ ಈ ಅಪಾಯ ನೂರಕ್ಕೆ ಒಬ್ಬರಿಗೂ ಇಲ್ಲ ಎಂದು ಅವರು ಮೊದಲೇ ಹೇಳಿದ್ದರು. ಆ ಒಬ್ಬನಾಗಲು ನಾನು ಸರದಿ ಮುರಿದು ಮುಂದೆ ಹೋಗಿ ನಿಂತಿದ್ದೆ.

ಅಂದಿನ ಕೆಲಸ ರದ್ದಾಯಿತು. ಇನ್ನು ಒಂದು ಹೊತ್ತೂ ತಪ್ಪಿಸದೆ ಮಾತ್ರೆ ತಿಂದು, ಹೆಪ್ಪು ಕರಗಿದ್ದು ಸ್ಕ್ಯಾನಿನಲ್ಲಿ ಕಂಡ ಮೇಲೆ ಮುಂದಿನ ಮಾತು. ಸುಟ್ಟ ಮೇಲೂ ಮಾತ್ರೆ ಬಿಡುವಂತಿಲ್ಲ. ಈಗ ನನ್ನ ಹೆಂಡತಿ ದಿನಾ ನಾಲಿಗೆ ಎತ್ತಿಸಿ ತಪಾಸಣೆ ಮಾಡುತ್ತಾಳೆ. ಹೊಲಿಯುವಾಗ ಬೆರಳಿಗೆ ಲೋಹದ ಟೋಪಿ ಹಾಕುವುದು ನನಗೆ ಅವಮಾನವೆಂದು ಅವಳಿಗೆ ಗೊತ್ತು. ಆದರೂ ಅಂದಳು, "ಬೆರಳಿಗೆ ಟೋಪಿ ಹಾಕೋ ಬದಲು ನಮಗೆಲ್ಲ ಟೋಪಿ ಹಾಕಿದ್ರಲ್ಲ ರೀ." ಶ್ಲೇಷೆ ನನ್ನ ಸೊತ್ತು; ಅದನ್ನೂ ಕಿತ್ತುಕೊಂಡಳು.

ನೀನೂ ಶುರು ಮಾಡಬೇಡ. ಮೊನ್ನೆ ನೀನು ಆಸ್ಪತ್ರೆಗೆ ಬರುತ್ತೇನೆಂದಾಗ ಬೇಡವೆಂದೆ. ಈಗಲೂ ಅದೇ ಮಾತು. ಜೀವಮಾನವಿಡೀ ಸೂಜಿಯೊಂದಿಗೆ ಸಂಸಾರ ಮಾಡಿದ ನಾನು ಆಸ್ಪತ್ರೆಯ ಸೂಜಿಗೆ ಹೆದರುವವನೇ? ಮತ್ತೆ, ಆ 'ಪುಟ್ಟ'ನನ್ನೂ ಇಲ್ಲಿಗೇ ನಿಲ್ಲಿಸು. ನನಗೆ ಐವತ್ತೆಂಟು.

ಇಂತಿ,
ನಿನ್ನ ತಮ್ಮ

ಮರೆತ ಮಾತು: ಅವತ್ತು ಡ್ರಿಪ್ಪಿಗೆಂದು ಕೈಗೆ ಸೂಜಿ ಚುಚ್ಚಿದಾಗ ನಾನು "ಅಕ್ಕಾ" ಎಂದು ಕೂಗಿಕೊಂಡೆ. ವಾರ್ಡಿನ ಸಿಸ್ಟರುಗಳೆಲ್ಲ ತಮ್ಮನ್ನೇ ಕರೆದದ್ದೆಂದು ಓಡಿ ಬಂದರು. ಕರೆದದ್ದು ಅವರನ್ನಲ್ಲ ಎಂದು ಹೇಳಲು ನಾಚಿಕೆಯಾಯಿತು. ಮುಂದಿನ ಸಲ ಬಾ.

ಪುಟ್ಟ