ಹಕ್ಕಿಯ ಹಿಂದಿನ ಕಂಬ

ಬಂದರಿನ ಅಧಿಕಾರಿಗಳಿಗೆ,

ನಾನು ತೆಗೆದ ಫೋಟೋವನ್ನು ಎಡಬದಿ ಕತ್ತರಿಸಿ, ಕಳೆದ ಸೋಮವಾರ ನಿಮ್ಮ ಕಚೇರಿಯ ಹಜಾರದಲ್ಲಿ ತೂಗುಹಾಕಿದ್ದೀರಿ. ಕಡಲ ಹಕ್ಕಿಯೊಂದು ರೆಕ್ಕೆ ಮಡಚಿ ಮೀನಿಗಾಗಿ ನೀರಿಗೆ ಎರಗುವ ಆ ಚಿತ್ರದ ಕೆಳಗೆ ‘ನಮ್ಮ ಬಂದರಿನ ಸೊಬಗು’ ಎಂದೂ ಬರೆಸಿದ್ದೀರಿ. ನಾನು ಅದನ್ನು ಕೊಟ್ಟದ್ದು ಸೊಬಗಿಗಲ್ಲ, ವಿಚಾರಣೆಗೆ ಸಾಕ್ಷಿಯಾಗಿ.

ನೀವು ಕತ್ತರಿಸಿದ ಭಾಗದಲ್ಲಿ ನನ್ನ ತಮ್ಮನ ದೋಣಿ ಬಂದರು ಬಿಡುತ್ತಿದೆ. ಅದರ ಹಿಂದೆ ನಿಮ್ಮ ಎಚ್ಚರಿಕೆಯ ಕಂಬ ಬೋಳಾಗಿ ನಿಂತಿದೆ. ಅವನು ಹೊರಡುವಾಗಲೇ ಆ ಕಂಬದಲ್ಲಿ ಬಿರುಗಾಳಿಯ ಕೆಂಪು ಬಾವುಟ ಹಾರುತ್ತಿತ್ತು, ಹಟ ಹಿಡಿದು ಹೋಗಿ ಮುಳುಗಿದ ಎನ್ನುತ್ತದೆ ನಿಮ್ಮ ವರದಿ. ಹಿಂದೊಮ್ಮೆ ಬೇರೊಂದು ದೋಣಿ ಮುಳುಗಿದಾಗಲೂ ಇದೇ ಮಾತು ಓದಿದ್ದೆವು. ಆಗ ನೀವಿಲ್ಲಿ ಗುಮಾಸ್ತರು. ನಿಮಗೆ ಬಡ್ತಿ ಸಿಕ್ಕಿತು, ಆ ವಾಕ್ಯ ಹಾಗೇ ಉಳಿಯಿತು.

ಅಂದು ಬೆಳಿಗ್ಗೆ ಅವನು ದೋಣಿಯಿಂದಲೇ ಕೂಗಿದ್ದ: “ಅಕ್ಕಾ, ಯಾವಾಗ ನೋಡಿದ್ರೂ ಆ ಮೀನುಗಳ್ಳರ ಫೋಟೋನೇ ತೆಗೀತೀಯಲ್ಲೇ! ನಂದೂ ಒಂದು ತೆಗಿ!”

“ನೀನೂ ಹಾರು, ತೆಗೀತೀನಿ,” ಎಂದಿದ್ದೆ.

ಫೋಟೋ ತೊಳೆಸಿದ ಮೇಲೆ ನೋಡಿದರೆ, ಹಕ್ಕಿಯ ಹಿಂದೆ ಎಡಗಡೆ ಅವನು ಕೈಯೆತ್ತಿ ನಗುತ್ತಿದ್ದ. ದೊಡ್ಡವನಾದ ಮೇಲೆ ಅವನದು ನಮ್ಮಲ್ಲಿರುವುದು ಅದೊಂದೇ ಚಿತ್ರ. ಅವನ ಹೆಂಡತಿ ಮೀನುಪೇಟೆಗೆ ಹೋದರೆ ಜನ ಈಗಲೂ ‘ಹಟಮಾರಿಯ ಹೆಂಡತಿ’ ಎನ್ನುತ್ತಾರೆ.

ನೆಗೆಟಿವ್ ನನ್ನ ಬಳಿ ಇದೆ. ಪೂರ್ತಿ ಚಿತ್ರವನ್ನು ಅದೇ ಗೋಡೆಗೆ ಹಾಕಿಸಿ. ಆಮೇಲೆ ದೋಣಿಯವರೆಲ್ಲರನ್ನೂ ಕರೆಸಿ, ಆ ಚಿತ್ರದ ಪಕ್ಕದಲ್ಲೇ ನಿಂತು ಹೇಳಿ: ಅಂದು ಬಾವುಟ ಎಲ್ಲಿತ್ತು?

ಇಂತಿ,
ಮುಳುಗಿದವನ ಅಕ್ಕ