ಭೀಮನ ಹೊಟ್ಟೆ, ಅಣ್ಣನ ಹಗ್ಗ

ಅಜ್ಜಿ,

ಮಿಲ್ಲಿಗೆ ಹೊರಟೆ. ನಮ್ಮ ಭೀಮನ ಭೇದಿ ನಿಂತಿತು! ಬೆಳಿಗ್ಗೆ ಮೈದಾನದಲ್ಲಿ ಗಟ್ಟಿಯಾಗಿಯೇ ಮಾಡಿದ, ಹಾಲಿನವನ ಸೈಕಲ್ಲನ್ನೂ ಅಟ್ಟಿಸಿಕೊಂಡು ಹೋದ. "ಇನ್ನೊಂದು ಸಲ ಜಗಲಿ ಕೆಡಿಸಿದರೆ ಈ ನಾಯೀನ ದೂರದ ನರೋಡಾದಲ್ಲಿ ಬಿಟ್ಟು ಬರ್ತೀನಿ" ಅಂತ ಕೂಗಾಡಿದ್ದ ಅಣ್ಣ ಇವತ್ತು ಚೊಕ್ಕ ಜಗಲಿ ದಾಟಿಕೊಂಡು ಆಫೀಸಿಗೆ ಹೋದ.

ಮಧ್ಯಾಹ್ನ ಭೀಮನಿಗೆ ಬರೀ ಮಜ್ಜಿಗೆ ಅನ್ನ, ಮೆತ್ತಗೆ ಕಿವುಚಿ ಹಾಕು. ನೀರು ಬೇಕಾದಷ್ಟು ಇಡು. ಪಕ್ಕದ ಮನೆ ಕಾಂತಾಬೇನ್ ಕೊಡುವ ಎಣ್ಣೆ ತೇಲೋ ಊಂಧಿಯು ಪಲ್ಯ ಮಾತ್ರ ಖಂಡಿತ ಬೇಡ. ಮೊನ್ನೆ ಅದನ್ನು ಕದ್ದು ಹಾಕಿದವಳು ನೀನೇ, ನನಗೆ ಗೊತ್ತು. ಏಕಾದಶಿಗೆ ಹನಿ ನೀರೂ ಮುಟ್ಟದವಳು, ನಾಯಿ ಒಂದು ಹೊತ್ತು ಉಪವಾಸ ಇದ್ದರೆ ಅಳ್ತೀಯಲ್ಲ! ಪಿಳಿಪಿಳಿ ನೋಡಿದ ಅಂತ ಕರಗಬೇಡ.

ಅವನನ್ನು ಎಳೆದುಕೊಂಡು ಹೋಗೋಕೆ ಅಣ್ಣ ತಂದಿದ್ದ ಹಗ್ಗವನ್ನು ಅಂಗಳದಲ್ಲಿ ಕಟ್ಟಿ, ಭೀಮ ಮಲಗೋ ಗೋಣಿ ಒಗೆದು ಹರವಿದ್ದೇನೆ. ಒಣಗಿದರೂ ತೆಗೀಬೇಡ. ಅಣ್ಣ ಬಂದು ನೋಡಲಿ.

ಜಯತೀರ್ಥ