ಎರಡು ಸಲ ಕೂತ ಹುಡುಗಿ

ಇಕಿರುನ್
ಮಂಗಳವಾರ, ೧೨ ನವೆಂಬರ್ ೧೯೯೬

ಪ್ರೀತಿಯ ಕೆಹಿಂಡೆ ಅಕ್ಕನಿಗೆ,

ನಿನ್ನ ತಮ್ಮ ಇಡೋವು ಮಾಡುವ ವಂದನೆಗಳು. ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತಾ? ಜೋಸ್‌ನ ಚಳಿಗೆ ಅದು ಹೆಚ್ಚುತ್ತದೆ ಎಂದು ಲಾರಿ ಓಡಿಸುವ ಲಾಮಿಡಿಯ ಹತ್ತಿರ ಒಮ್ಮೆ ಹೇಳಿದ್ದೆಯಂತೆ. ಭಾವ ಆರೋಗ್ಯವೇ? ಆಸ್ಪತ್ರೆಯಲ್ಲಿ ನಿನ್ನನ್ನು ಇನ್ನೂ ಹೆರಿಗೆ ವಾರ್ಡಿನಲ್ಲೇ ಇಟ್ಟಿದ್ದಾರೋ, ಬಡ್ತಿ ಕೊಟ್ಟರೋ? ಇಲ್ಲಿ ನಾನು, ಅಸಾಬಿ, ಮಕ್ಕಳು ಎಲ್ಲ ಚೆನ್ನಾಗಿದ್ದೇವೆ. ಅಮ್ಮನೂ ಚೆನ್ನಾಗಿದ್ದಾಳೆ, ಹೊತ್ತು ಹೊತ್ತಿಗೆ ಊಟ ಮಾಡುತ್ತಾಳೆ. ಕಣ್ಣು ಮಾತ್ರ ಪೂರ್ತಿ ಮಂಜು. ಎದುರಿಗೆ ನಿಂತವರು ಗಂಡಸೋ ಹೆಂಗಸೋ ಎಂದು ತಿಳಿಯುವಷ್ಟು ಬೆಳಕು ಉಳಿದಿದೆ, ನಾಲಿಗೆ ಮಾತ್ರ ಎಂದಿನ ಹಾಗೇ ಹರಿತ. ಸ್ಟುಡಿಯೊ ಹೇಗೋ ನಡೆಯುತ್ತಿದೆ. ಪಾಸ್‌ಪೋರ್ಟ್ ಅಳತೆಯ ಚಿತ್ರ, ಮದುವೆ, ಮಗುವಿಗೆ ಹೆಸರಿಡುವ ದಿನ, ಇಷ್ಟೇ ಕೆಲಸ. ಅಪ್ಪನ ಮರದ ಕ್ಯಾಮೆರಾ ಈಗಲೂ ಮೂಲೆಯಲ್ಲಿ ಕರಿ ಬಟ್ಟೆ ಹೊದ್ದು ಮೂರು ಕಾಲಿನ ಮೇಲೆ ನಿಂತಿದೆ.

ಹನ್ನೊಂದು ವರ್ಷದಿಂದ ನನ್ನ ಒಂದು ಪತ್ರಕ್ಕೂ ನೀನು ಉತ್ತರ ಬರೆದಿಲ್ಲ. ಓದಿದೆಯೋ ಒಲೆಗೆ ಹಾಕಿದೆಯೋ ಅದೂ ಗೊತ್ತಿಲ್ಲ. ನಾನೇನೂ ಕೋಪ ಮಾಡಿಕೊಂಡಿಲ್ಲ, ಆದರೆ ಇದನ್ನು ಮಾತ್ರ ಕೊನೆಯವರೆಗೂ ಓದು. ನಾನೊಂದು ತಪ್ಪು ಮಾಡಿದ್ದೇನೆ ಅಕ್ಕಾ. ಅಮ್ಮನ ಕೋಣೆಯ ಗೋಡೆಯ ಮೇಲಿದ್ದ ಚಿತ್ರ, ನೀನೂ ನಿನ್ನ ಅವಳಿ ಟೈವೊನೂ ಅಕ್ಕಪಕ್ಕ ಕೂತಿರುವ ಚಿತ್ರ, ನನ್ನ ಕೈಯಿಂದ ಹೋಯಿತು.

ಆಗಸ್ಟ್ ಕೊನೆಯಲ್ಲಿ ಲಾಗೋಸ್‌ನಿಂದ ಅಕಿನ್ಯೆಲೆ ಎಂಬವನೊಬ್ಬ ಬಂದಿದ್ದ. ವಿದೇಶದಲ್ಲಿ ಓದಿ ಬಂದವನು. ಹಳೆಯ ಕ್ಯಾಮೆರಾ, ಹಳೆಯ ಚಿತ್ರ ಎಲ್ಲಿವೆ ಎಂದು ಊರೂರು ಅಲೆದು ಕೂಡಿಡುವುದೇ ಅವನ ಹುಚ್ಚು. ಕೈಗೆ ಬಿಳಿ ಬಟ್ಟೆಯ ಕೈಗವಸು ಹಾಕಿಕೊಂಡು ಅಪ್ಪನ ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ತೂರಿಸಿದವನು ಹೊರಗೆ ಬರಲೇ ಇಲ್ಲ, ನಿದ್ದೆ ಹೋದನೇನೋ ಅಂದುಕೊಂಡೆ. ಹೊರಬಂದಾಗ ಅವನ ಕಣ್ಣು ಒದ್ದೆಯಾಗಿತ್ತು. ಮಸೂರದ ಹಿತ್ತಾಳೆ ಬಳೆಯನ್ನು ಮಗುವಿನ ಕೆನ್ನೆ ಸವರಿದ ಹಾಗೆ ಸವರಿದ. ಅಂಥವನ ಮೇಲೆ ನನಗೆ ಅನುಮಾನ ಹೇಗೆ ಬರಬೇಕು ಹೇಳು. ಅಪ್ಪನ ಗಾಜಿನ ನೆಗೆಟಿವ್‌ಗಳೆಲ್ಲಿ ಎಂದು ಕೇಳಿದ. ನಾನು ಹುಡುಗನಾಗಿದ್ದಾಗ ಅವನ್ನೆಲ್ಲ ಬಿಸಿನೀರಲ್ಲಿ ಅದ್ದಿ, ಕೆರೆದು, ಚಿತ್ರಗಳ ಚೌಕಟ್ಟಿಗೆ ಗಾಜು ಮಾಡಿಬಿಟ್ಟೆ, ಅಪ್ಪನ ಕೈಲಿ ಬಾರುಕೋಲಿನ ಏಟು ತಿಂದೆ ಎಂದು ಹೇಳಲೇಬೇಕಾಯಿತು. ಕ್ಯಾಮೆರಾ ಕೊಡುತ್ತೀರಾ ಎಂದು ಕೇಳಿದ್ದಕ್ಕೆ ಅಮ್ಮ ಒಳಗಿನಿಂದಲೇ, "ಅದು ನನ್ ಸವತಿ ಕಣಪ್ಪಾ. ನಲವತ್ತು ವರ್ಷ ನನ್ನ ಗಂಡ ನನಗಿಂತ ಅವಳ ಸೆರಗಲ್ಲೇ ತಲೆ ಇಟ್ಕೊಂಡಿದ್ದ. ಅವಳೂ ನಾನೂ ಒಟ್ಟಿಗೇ ಹೋಗ್ತೀವಿ" ಅಂದಳು. ಅವನು ನಕ್ಕುಬಿಟ್ಟ.

ಆಮೇಲೆ ಅಮ್ಮ ಸ್ನಾನಕ್ಕೆ ಹಿತ್ತಲಿಗೆ ಹೋದಾಗ ಅವನು ಆ ಚಿತ್ರ ನೋಡಿದ. ನಮ್ಮ ಕಡೆಯ ಹಳೆಯ ಛಾಯಾಗ್ರಾಹಕರ ಬಗ್ಗೆ ಪುಸ್ತಕ ಮಾಡುತ್ತಿದ್ದೇನೆ, ಈ ಚಿತ್ರವೇ ಮೊದಲ ಪುಟ, ನಿಮ್ಮ ತಂದೆಯ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತದೆ, ಕೆಳಗೆ ಮಗ ಇಡೋವು ಎಂದು ನಿಮ್ಮ ಹೆಸರೂ ಬರುತ್ತದೆ ಅಂದ. ಲಾಗೋಸ್‌ನಲ್ಲಿ ನಕಲು ತೆಗೆದು ಎರಡು ವಾರದಲ್ಲಿ ವಾಪಸು ತರುತ್ತೇನೆ ಅಂದ. ನನ್ನ ಹೆಸರು ಕೇಳಿ ನನ್ನ ತಲೆ ತಿರುಗಿತು. ಹಿತ್ತಲಲ್ಲಿ ಅಮ್ಮ ಮೈಮೇಲೆ ನೀರು ಹೊಯ್ದುಕೊಳ್ಳುವ ಸದ್ದು ಕೇಳುತ್ತಿತ್ತು, ನಾನು ಮೊಳೆಯಿಂದ ಚಿತ್ರ ಇಳಿಸಿ ಅವನ ಕೈಗೆ ಕೊಟ್ಟೆ. ಅಷ್ಟು ಬೇಗ ನಾನು ಬೇರೆ ಯಾವ ಕೆಲಸವನ್ನೂ ಮಾಡಿದವನಲ್ಲ.

ಆ ಚಿತ್ರ ಹೇಗಾಯಿತು ಎಂಬುದು ನಿನಗೆ ನೆನಪಿದೆಯೋ ಇಲ್ಲವೋ. ನಿನಗೆ ನಾಲ್ಕು ವರ್ಷ, ನನಗೆ ಎರಡು. ಅಪ್ಪ ಹೇಳಿದ್ದನ್ನು ಹೇಳುತ್ತೇನೆ. ದಡಾರ ಬಂದು ಟೈವೊ ಹೋದ ಮೂರನೆಯ ವಾರ ಅಜ್ಜಿ, ಸತ್ತ ಅವಳಿಯ ಹೆಸರಲ್ಲಿ ಮರದ ಗೊಂಬೆ ಕೆತ್ತಿಸಲೇಬೇಕು, ಇಲ್ಲದಿದ್ದರೆ ಹೋದವನು ಉಳಿದವಳನ್ನೂ ಕರೆಯುತ್ತಾನೆ ಎಂದು ಹಟ ಹಿಡಿದಳು. ಅಪ್ಪ, "ಫೋಟೋದವನ ಮನೇಲಿ ಮರದ ಗೊಂಬೆ ಯಾಕೆ? ಅವನನ್ನ ನಾನೇ ತರ್ತೀನಿ" ಅಂದ. ಗಾಜಿನ ಪ್ಲೇಟಿನ ಅರ್ಧಕ್ಕೆ ಕರಿ ರಟ್ಟು ಮುಚ್ಚಿ, ಮೊದಲು ನಿನಗೆ ನಿನ್ನದೇ ಲಂಗ ಹಾಕಿಸಿ ಮುಕ್ಕಾಲಿಯ ಮೇಲೆ ಕೂರಿಸಿದ. ಅಮ್ಮ ಅಳುತ್ತಿದ್ದಾಳೋ ಎಂದು ನೋಡಲು ನೀನು ಕತ್ತು ಹೊರಳಿಸಿದೆ, ಆ ಕಡೆಯ ಮುಖ ಕದಡಿತು. ಆಮೇಲೆ ರಟ್ಟನ್ನು ಈ ಕಡೆಗೆ ಸರಿಸಿ, ನಿನಗೆ ಟೈವೊನ ಜುಬ್ಬ, ಟೋಪಿ ಹಾಕಿಸಿ ಪಕ್ಕಕ್ಕೆ ಎರಡನೆಯ ಸಲ ಕೂರಿಸಿದ. ಆಗ ನೀನು ಅಲುಗಾಡಲಿಲ್ಲವಂತೆ. ಅದಕ್ಕೇ ಚಿತ್ರದಲ್ಲಿ ಹುಡುಗಿ ಮಸುಕು, ಹುಡುಗ ಸ್ಪಷ್ಟ. ನಡುವೆ ಕೂದಲೆಳೆಯಷ್ಟು ಒಂದು ಗೆರೆ ಉಳಿಯಿತು. ಆ ಗೆರೆಗಾಗಿ ಅಪ್ಪ ಸಾಯುವವರೆಗೂ ನಾಚಿಕೆಪಟ್ಟ.

ಆಮೇಲಿನದು ನಿನಗೇ ಗೊತ್ತು. ಪ್ರತಿ ಶುಕ್ರವಾರ ಆ ಚಿತ್ರದ ಮುಂದೆ ಅಮ್ಮ ತಾಳೆಎಣ್ಣೆಯಲ್ಲಿ ಬೇಯಿಸಿದ ಅಲಸಂದೆ ಇಡುತ್ತಿದ್ದಳು. ನಿನಗೆ ಏನು ತಂದರೂ ಎರಡು ತರುತ್ತಿದ್ದಳು. ಎರಡು ಸ್ಲೇಟು, ಎರಡು ಜೊತೆ ಚಪ್ಪಲಿ, ಮದುವೆಯಲ್ಲಿ ಎರಡು ಪೆಟ್ಟಿಗೆ. ನಿನಗೆ ನಲವತ್ತು ತುಂಬಿದ ದಿನ ಎರಡು ಕುರ್ಚಿ ಹಾಕಿಸಿ, ಖಾಲಿ ಕುರ್ಚಿಯ ಮೇಲೆ ಗಂಡಸರ ಬಟ್ಟೆ ಮಡಿಸಿಟ್ಟಿದ್ದಳು. ನೀನು ಎಲ್ಲರ ಮುಂದೆ ಎದ್ದು ನಿಂತು, "ನಾನು ಒಬ್ಳೇ ಅಮ್ಮಾ. ಆ ಚಿತ್ರದಲ್ಲಿರೋ ಇಬ್ರೂ ನಾನೇ. ಒಂದ್ ಸಲನಾದ್ರೂ ನನ್ನೊಬ್ಳನ್ನೇ ನೋಡು" ಅಂದೆ. ಅದೇ ಮಧ್ಯಾಹ್ನ ಲಾರಿ ಹತ್ತಿದೆ. ಇಷ್ಟು ವರ್ಷ ನಾನು ಹೇಳಿರಲಿಲ್ಲ, ಈಗ ಹೇಳುತ್ತೇನೆ: ಅವತ್ತು ನನ್ನ ಮನಸ್ಸು ನಿನ್ನ ಕಡೆಗೇ ಇತ್ತು. ನನಗೆ ಯಾವತ್ತೂ ಒಂದೇ ಜೊತೆ ಚಪ್ಪಲಿ ಬಂದಿದ್ದು, ಅದೂ ನಿನ್ನ ಹಳೆಯದು, ಅದರ ಹೊಟ್ಟೆಕಿಚ್ಚೂ ಸ್ವಲ್ಪ ಇತ್ತು ಅನ್ನು.

ಎರಡು ವಾರ ಅಂದವನು ಒಂಬತ್ತು ವಾರವಾದರೂ ಬರಲಿಲ್ಲ. ಚೌಕಟ್ಟಿನ ಗಾಜು ಒಡೆದಿದೆ, ಗಾಜು ಕುಯ್ಯುವವನ ಹತ್ತಿರ ಕೊಟ್ಟಿದ್ದೇನೆ ಎಂದು ಅಮ್ಮನಿಗೆ ಸುಳ್ಳು ಹೇಳಿದೆ. ಅವಳು ಬರಿಯ ಮೊಳೆಯ ಕೆಳಗೇ ಅಲಸಂದೆ ಇಡುತ್ತಾ ಬಂದಳು. ಪ್ರತಿ ಶುಕ್ರವಾರ ನನ್ನನ್ನು ಕರೆದು, "ಏನೋ, ಅವಳಿಗಳ ಬೆನ್ನಿಗೆ ಹುಟ್ಟಿದ ಪಿಶಾಚಿ, ಅವನು ಗಾಜು ಕುಯ್ತಿದಾನೋ, ಮರಳು ಕಾಯಿಸಿ ಗಾಜು ಮಾಡ್ತಿದಾನೋ?" ಎಂದು ಕೇಳುವಳು. ಅವಳ ದನಿಯಲ್ಲಿ ನಗು ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿತ್ತು. ನನಗೆ ಅನ್ನ ಇಳಿಯುತ್ತಿರಲಿಲ್ಲ. ಹೋದ ಬುಧವಾರ ಬಸ್ಸು ಹತ್ತಿ ಲಾಗೋಸ್‌ಗೆ ಹೋದೆ.

ಅವನ ಮನೆ ಹುಡುಕುವಷ್ಟರಲ್ಲಿ ಮಧ್ಯಾಹ್ನವಾಯಿತು. ಒಂದು ಕೋಣೆಯ ತುಂಬ ಕ್ಯಾಮೆರಾಗಳು, ಪೆಟ್ಟಿಗೆಯಂಥವು, ಮಡಿಚುವಂಥವು, ಒಂದೊಂದರ ಕೆಳಗೂ ಊರಿನ ಹೆಸರು ಬರೆದ ಚೀಟಿ. ಎಲ್ಲದರ ಮಸೂರವೂ ಬಾಗಿಲ ಕಡೆಗೇ ಇತ್ತು. ಅವನು ನನ್ನನ್ನು ಪ್ರೀತಿಯಿಂದಲೇ ಕೂರಿಸಿ, ಒಳಗಿನಿಂದ ಒಂದು ಹೊಸ ಚೌಕಟ್ಟು ತಂದು ನನ್ನ ತೊಡೆಯ ಮೇಲಿಟ್ಟ. ಅದರಲ್ಲಿ ನೀನಿದ್ದೆ ಅಕ್ಕಾ, ಲಂಗದ ನೀನು, ಮಸುಕಾದ ನೀನು. ಪಕ್ಕದಲ್ಲಿ ಯಾರೂ ಇರಲಿಲ್ಲ. ಗೆರೆಯ ಗುಂಟ ಕತ್ತರಿಸಿದ್ದರು. ವಿದೇಶದಿಂದ ಬಂದ ಅತಿಥಿಯೊಬ್ಬರು ಸ್ಪಷ್ಟವಾಗಿದ್ದ ಹುಡುಗನ ಚಿತ್ರವನ್ನು ಬಹಳ ಮೆಚ್ಚಿದರಂತೆ, ಹೇಗೂ ನಡುವೆ ಗೆರೆ ಇತ್ತಲ್ಲ ಎಂದು ಬೇರೆ ಮಾಡಿ ಕೊಟ್ಟನಂತೆ. ಅದು ಈಗ ಸಮುದ್ರ ದಾಟಿದೆ, ವಾಪಸು ಕೇಳಿ ಬರೆದರೂ ಬರುವ ಭರವಸೆ ಇಲ್ಲವಂತೆ. ನನ್ನ ಮುಖ ನೋಡಿ ಅವನಿಗೆ ಗಾಬರಿಯಾಯಿತು. "ಅಣ್ಣಾ, ನಾನು ಭೂತಗನ್ನಡಿ ಇಟ್ಟು ನೋಡಿದೀನಿ. ಎರಡೂ ಒಂದೇ ಮಗು. ಒಂದು ನಿಮ್ಮ ಹತ್ರ ಉಳೀತಲ್ಲ, ಇನ್ನೇನು ಕಳ್ಕೊಂಡ್ರಿ?" ಅಂದ.

ಕೆನ್ನೆಗೆ ಬಾರಿಸಬೇಕೆಂದು ಎದ್ದೆ. ಆದರೆ ಅವನು ಹೇಳಿದ್ದು ನೀನು ಹನ್ನೊಂದು ವರ್ಷದ ಹಿಂದೆ ಹೇಳಿದ ಮಾತೇ ಅಲ್ಲವೇ. ನೀನು ಹೇಳಿದಾಗ ಸರಿ ಅನ್ನಿಸಿದ್ದು ಅವನ ಬಾಯಲ್ಲಿ ಕೇಳಿದಾಗ ಯಾಕೆ ಸುಳ್ಳು ಅನ್ನಿಸಿತೋ ನನಗೆ ತಿಳಿಯದು. ಅರ್ಧ ಚಿತ್ರವನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರೋ ಬಂದು ಕೂರಲು ಹೋದರೆ, ಜನ ಇದ್ದಾರೆ ಎಂದುಬಿಟ್ಟೆ. ಅವರು ನನ್ನನ್ನು ಹುಚ್ಚನೆಂದುಕೊಂಡು ಹಿಂದೆ ಹೋದರು.

ಈಗ ನನ್ನ ಬೇಡಿಕೆ ಇಷ್ಟು. ನಿನ್ನ ಮದುವೆಯ ಎರಡನೆಯ ಪೆಟ್ಟಿಗೆಯ ತಳದಲ್ಲಿ ಅಪ್ಪ ಆ ಚಿತ್ರದ ಇನ್ನೊಂದು ಪ್ರತಿ ಇಟ್ಟಿದ್ದ. ಇಡುವಾಗ ನಾನೇ ಬಟ್ಟೆ ಮಡಿಸಿಕೊಟ್ಟಿದ್ದೆ. ಅದು ಈಗಲೂ ಇದ್ದರೆ ಲಾಮಿಡಿಯ ಕೈಲಿ ಕಳಿಸು, ನಕಲು ತೆಗೆದು ನಿನ್ನದನ್ನು ನಿನಗೇ ಕಳಿಸುತ್ತೇನೆ. ನಿಮ್ಮ ಪಾದ್ರಿಗಳಿಗೆ ಅದು ವಿಗ್ರಹದ ಹಾಗೆ ಕಾಣಬಹುದು, ಅವರಿಗೆ ತೋರಿಸಬೇಡ. ಸುಟ್ಟಿದ್ದರೆ ಸುಟ್ಟೆ ಎಂದು ಒಂದು ಸಾಲು ಬರೆ, ಬೈಯುವುದಿಲ್ಲ. ಗಾಜು ಕೆರೆದ ನನಗೆ ಬೈಯುವ ಬಾಯಿ ಎಲ್ಲಿದೆ.

ಭಾವನಿಗೆ ನನ್ನ ನಮಸ್ಕಾರ ಹೇಳು. ಅಸಾಬಿ ನಿನಗಾಗಿ ಒಣಮೆಣಸಿನಪುಡಿ ಕಟ್ಟಿಕೊಟ್ಟಿದ್ದಾಳೆ. ಅಲ್ಲಿ ಸಿಗುವುದು ಮೆಣಸೇ ಅಲ್ಲವಂತೆ. ನಿನ್ನ ಕಾಲಿಗೆ ಬಲ ಬರಲಿ, ನಿನ್ನ ಕೈಗೆ ಬಂದ ಮಕ್ಕಳೆಲ್ಲ ಅತ್ತುಕೊಂಡೇ ಹುಟ್ಟಲಿ.

ನಿನ್ನ ತಮ್ಮ,
ಇಡೋವು

ಮ.ಮಾ: ಲಾಮಿಡಿ ಕೋಲಾ ಕಾಯಿ ಮೂಟೆ ಹೇರಿ ಮುಗಿಸಿ ಹಾರನ್ ಹೊಡೆಯುತ್ತಿದ್ದಾನೆ, ಬಾನೆಟ್ಟಿನ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸಹಿಸಿಕೋ. ಅಮ್ಮ ಊಟ ಮಾಡುತ್ತಿದ್ದಾಳೆ ಎಂದು ಮೇಲೆ ಬರೆದದ್ದು ಸುಳ್ಳು. ಹಾಗೆಯೇ ಬರೆಯಬೇಕೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. "ಹೆದರಿಸಿ ಕರೀಬೇಡ ಅವಳನ್ನ" ಅಂದಿದ್ದಳು. ಕೊಟ್ಟ ಮಾತು ಮುರಿಯುತ್ತಿದ್ದೇನೆ. ಶುಕ್ರವಾರ ಬೆಳಿಗ್ಗೆ ನಾನು ಅರ್ಧ ಚಿತ್ರವನ್ನೇ ಮೊಳೆಗೆ ಹಾಕಿದ್ದೆ. ಕಾಣುವುದಿಲ್ಲವಲ್ಲ ಎಂಬ ಧೈರ್ಯ. ಅವಳು ಅಲಸಂದೆ ಇಟ್ಟು, ಎಂದಿನ ಹಾಗೆ ಚೌಕಟ್ಟಿನ ಎರಡು ಅಂಚನ್ನೂ ಹಿಡಿಯಲು ಕೈ ಚಾಚಿದಳು. ಕೈಗಳು ಬಹಳ ಹತ್ತಿರ ಬಂದವು. "ಅವನು ಹೋದ್ನಾ?" ಎಂದು ಕೇಳಿದಳು. ಎಲ್ಲ ಹೇಳಿದೆ. ಬೈಯಲಿಲ್ಲ. ಅವನು ಹೋದ ಮೇಲೆ ಕೆಹಿಂಡೆಯೂ ಇದ್ದಾಳೋ ಇಲ್ಲವೋ, ಮುಟ್ಟಿ ನೋಡದೆ ತುತ್ತು ಇಳಿಯುವುದಿಲ್ಲ ಅಂದಳು. ಇವತ್ತಿಗೆ ಐದನೆಯ ದಿನ, ಬರೀ ನೀರು. ಡಾಕ್ಟರು ನಿನ್ನೆ ಬಂದು ನೋಡಿ ತಲೆ ಆಡಿಸಿ ಹೋದರು. ಹಳೆಯ ಪ್ರತಿ ತರಿಸುತ್ತೇನೆ ಎಂದು ಈಗಷ್ಟೇ ಹೇಳಿದೆ. ನಕ್ಕಳು ಅಕ್ಕಾ. "ಹಳೇದು ಯಾಕೋ? ಆ ಹುಡುಗ ಇನ್ನೂ ನಾಕು ವರ್ಷದವನೇ ಇದಾನಾ? ಐವತ್ತೊಂದಾಯ್ತು ಅವನಿಗೆ" ಅಂದಳು. ನೀನು ಹೇಳಿದ್ದ ಮಾತು ನೆನಪಿಸಿದೆ, ಅವಳು ಒಬ್ಬಳೇ ಅಂತೆ ಅಮ್ಮಾ, ಅಂದೆ. ಅದಕ್ಕೆ ಅವಳು ಹೇಳಿದ್ದು ಇದು, ಒಂದು ಪದ ಬಿಡದೆ ಬರೆಯುತ್ತಿದ್ದೇನೆ: "ಒಬ್ಳೇ ಅಂತ ನನಗೆ ಗೊತ್ತಿಲ್ವಾ? ಕ್ಯಾಮೆರಾ ಪಕ್ಕದಲ್ಲೇ ನಿಂತಿದ್ದೋಳು ನಾನು. ಆ ಟೋಪಿ ಕಟ್ಟಿದ್ದೂ ನಾನೇ. ಅವಳನ್ನ ಎರಡು ಸಲ ನೋಡ್ದೆ, ಅಷ್ಟೇ. ಹೊಟ್ಟೇಲಿದ್ದಾಗ್ಲೇ ಅವನನ್ನ ಲೋಕ ನೋಡ್ಕೊಂಡು ಬಾ ಅಂತ ಮುಂದೆ ಕಳಿಸಿ, ತಾನು ಹಿಂದೆ ಹುಟ್ಟಿದ ಹಿರೀಳು ಅವಳು. ಕರ್ಕೊಂಡು ಬರ್ಬೇಕಾದವಳೂ ಅವಳೇ." ನನ್ನ ಹತ್ತಿರ ದೊಡ್ಡ ಫಿಲ್ಮಿನ ಒಂದೇ ಒಂದು ಹಾಳೆ ಇದೆ. ಅಪ್ಪನ ಕ್ಯಾಮೆರಾದ ಚರ್ಮದ ತಿದಿಯಲ್ಲಿದ್ದ ಎರಡು ತೂತಿಗೆ ತೇಪೆ ಹಾಕುತ್ತೇನೆ, ಕರಿ ರಟ್ಟು ಕತ್ತರಿಸಿಡುತ್ತೇನೆ. ಲಾಮಿಡಿ ಗುರುವಾರ ಬೆಳಿಗ್ಗೆ ಜೋಸ್‌ನಿಂದ ವಾಪಸು ಹೊರಡುತ್ತಾನೆ, ಮುಂದಿನ ಸೀಟು ನಿನಗೆಂದು ಹೇಳಿದ್ದೇನೆ. ಅವನ ಜೊತೆ ಬಂದುಬಿಡು. ಬರುವಾಗ ಒಂದು ಗಂಡಸರ ಟೋಪಿ ತಾ. ನಿನ್ನ ಅಳತೆಯದು ಬೇಡ, ಟೈವೊನ ತಲೆ ನಿನ್ನದಕ್ಕಿಂತ ಸ್ವಲ್ಪ ದೊಡ್ಡದಿತ್ತಂತೆ.